ಯಮನಪ್ಪನ ಹನ್ನೊಂದು ಶ್ರೀಕಾರ

ಸಾವಿರದ ಒಂಬೈನೂರ ಅರವತ್ತೆಂಟನೆಯ ಇಸವಿ, ಸಂಕ್ರಮಣ ಕಳೆದ ಮರುವಾರ. ಧಾರವಾಡದ ಸಪ್ತಾಪುರದಲ್ಲಿ ಒಂದು ಬಾಡಿಗೆ ಬಂಗಲೆಯಲ್ಲಿದ್ದ ಕುಟುಂಬ ಸಮೀಕ್ಷೆಯ ಕಚೇರಿಯಲ್ಲಿ ಸಾಹೇಬರು ಗುಮಾಸ್ತ ಯಮನಪ್ಪನನ್ನು ಒಳಗೆ ಕರೆದು ಒಂದು ಚೀಟಿ ಕೊಟ್ಟರು. ಅದರ ಮೇಲೆ ಇಂಗ್ಲಿಷಿನಲ್ಲಿ ಒಂದೇ ಶಬ್ದವಿತ್ತು. ಯಮನಪ್ಪ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದ. ಫೋರ್ಟ್ರಾನ್. ಔಷಧದ ಹೆಸರಿರಬೇಕು ಅನ್ನಿಸಿತು. ಸಾಹೇಬರಿಗೆ ಆಗಾಗ ಹೊಟ್ಟೆನೋವು ಬರುವುದು ಅವನಿಗೆ ಗೊತ್ತಿತ್ತು.

"ಎಷ್ಟು ಗುಳಗಿ ತರ್ಲಿರಿ?" ಎಂದು ಕೇಳಿದ.

ಸಾಹೇಬರು ನಗಲಿಲ್ಲ. "ಗುಳಗಿ ಅಲ್ಲಪಾ. ಅದೊಂದು ಭಾಷಾ. ಮನಷ್ಯಾರು ಆಡೂದಲ್ಲ. ಮುಂಬೈಯೊಳಗ ಲೆಕ್ಕಾ ಮಾಡೋ ದೊಡ್ಡ ಯಂತ್ರ ಬಂದದ, ಕಂಪ್ಯೂಟರ ಅಂತಾರ. ಅದಕ್ಕ ಏನು ಮಾಡಬೇಕಂತ ಹೇಳೂದು ಈ ಭಾಷಾದಾಗ. ಅದನ್ನ ಬರಿಯೋರು ಒಬ್ಬರು ಬೇಕು. ನೌಕರಿಗಲ್ಲ, ಈ ಒಂದು ಕೆಲಸಕ್ಕಷ್ಟ. ಹುಡುಕು."

"ಯಾರನ್ನ ಕೇಳಲಿರಿ?"

"ಅದು ಗೊತ್ತಿದ್ದರ ನಿನಗ ಯಾಕ ಹೇಳ್ತಿದ್ದೆ?"

ಯಮನಪ್ಪ ಚೀಟಿಯನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಹೊರಗೆ ಬಂದ. ಯಾರೂ ಆಡದ ಭಾಷೆಯನ್ನು ಬಲ್ಲವರನ್ನು ಯಾವ ಓಣಿಯಲ್ಲಿ ಹುಡುಕುವುದು ಎಂಬುದು ಅವನಿಗೆ ತಿಳಿಯಲಿಲ್ಲ.

ಅವನಿಗೆ ಆಗ ಮೂವತ್ತಾರು ವರ್ಷ. ತಂದೆ ಹುಲಗಪ್ಪ ಹುಬ್ಬಳ್ಳಿಯ ಹತ್ತಿ ಪೇಟೆಯಲ್ಲಿ ಹತ್ತಿ ತುಂಬಿದ ಅಂಡಿಗೆ ಹೊತ್ತು ಬೆನ್ನು ಬಾಗಿಸಿಕೊಂಡವನು. ಆ ಮನೆತನದಲ್ಲಿ ಪೆನ್ನು ಹಿಡಿದವರಲ್ಲಿ ಯಮನಪ್ಪನೇ ಮೊದಲಿಗ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದ, ಆಮೇಲೆ ತಾನೇ ಕುಳಿತು ಇಂಗ್ಲಿಷ್ ಕಲಿತಿದ್ದ. ಎಲ್ಲಕ್ಕಿಂತ ಹೆಚ್ಚಾಗಿ ಅವನ ಅಕ್ಷರ ಚಂದ. ಅರ್ಜಿಯ ಅಕ್ಷರ ನೋಡಿಯೇ ಅವನನ್ನು ಕೆಲಸಕ್ಕೆ ಕರೆಯುತ್ತಿದ್ದರು. ಆದರೆ ಕರೆದವರೆಲ್ಲ ಹಂಗಾಮಿಯಾಗಿಯೇ ಕರೆದರು. ರೇಶನ್ ಕಚೇರಿಯಲ್ಲಿ ಎರಡು ವರ್ಷ, ಜನಗಣತಿಯಲ್ಲಿ ಹದಿನಾಲ್ಕು ತಿಂಗಳು, ನಡುವೆ ಒಂದು ಸಾಲಿಯಲ್ಲಿ ರಜೆ ಹೋದ ಮಾಸ್ತರರ ಬದಲಿಗೆ, ಕಡೆಗೆ ಈ ಸಮೀಕ್ಷೆ. ಪ್ರತಿ ವರ್ಷದ ಆರ್ಡರು ಮಾರ್ಚ್ ಮೂವತ್ತೊಂದಕ್ಕೆ ಮುಗಿಯುತ್ತಿತ್ತು. ಹೆಂಡತಿ ಸಾವಂತ್ರೆವ್ವ ಊರು ಬಿಡಬೇಕಾದೀತೆಂದು ಮಾರ್ಚ್ ತಿಂಗಳ ನಡುವೆ ಮೇಲಿನ ಹಲಗೆಯ ಪಾತ್ರೆಗಳನ್ನು ಇಳಿಸಿ ಟ್ರಂಕಿಗೆ ತುಂಬುವಳು. ಏಪ್ರಿಲ್‌ನಲ್ಲಿ ಹೊಸ ಆರ್ಡರು ಬಂದರೆ ಮತ್ತೆ ತೆಗೆದು ಹಲಗೆಗೆ ಜೋಡಿಸುವಳು. ಮದುವೆಯಾದ ಹನ್ನೊಂದು ವರ್ಷವೂ ಹೀಗೆಯೇ ನಡೆದಿತ್ತು.

ಈ ಸಲ ಸಾಹೇಬರು ಒಂದು ಮಾತು ಕೊಟ್ಟಿದ್ದರು. ಸಮೀಕ್ಷೆ ನಡೆದದ್ದು ನಲವತ್ತು ಹಳ್ಳಿಗಳಲ್ಲಿ, ನಾಲ್ಕು ಸಾವಿರ ಮನೆಗಳಲ್ಲಿ. ಹುಟ್ಟಿದ ಮಕ್ಕಳೆಷ್ಟು, ಉಳಿದವೆಷ್ಟು, ಹೋದವು ಎಷ್ಟು ದಿನಕ್ಕೆ ಹೋದವು ಎಂದು ತಾಯಂದಿರನ್ನೇ ಕೇಳಿ ಬರೆದದ್ದು. ಮೂರು ವರ್ಷ ನಡೆದಾಡಿ ಬರೆದವರಲ್ಲಿ ಯಮನಪ್ಪನೂ ಒಬ್ಬ. ಬರೆದದ್ದನ್ನೆಲ್ಲ ತೂತು ಹೊಡೆದ ಕಾರ್ಡುಗಳಿಗೆ ಇಳಿಸಿ ಮುಂಬೈಗೆ ಕಳಿಸಿಯಾಗಿತ್ತು. ಕಾರ್ಡುಗಳು ಅಲ್ಲಿ ಪೆಟ್ಟಿಗೆಯೊಳಗೆ ಸುಮ್ಮನೆ ಕುಳಿತಿದ್ದವು. ಕೂಡಿಸಿ ಕೋಷ್ಟಕ ಮಾಡು ಎಂದು ಯಂತ್ರಕ್ಕೆ ಹೇಳುವವರು ಇರಲಿಲ್ಲ.

"ಕೋಷ್ಟಕ ಮಾರ್ಚ್ ಮುಗಿಯೂದ್ರೊಳಗ ಬೆಂಗಳೂರಿನ ದೊಡ್ಡ ಕಚೇರಿ ಮುಟ್ಟಿದರ ಈ ಕಚೇರಿ ಉಳಿತದ," ಎಂದಿದ್ದರು ಸಾಹೇಬರು. "ಉಳಿದರ ನಿನ್ನ ಹೆಸರು ಖಾಯಂಗೆ ಬರೀತೇನಿ. ಮುಟ್ಟಲಿಲ್ಲ ಅಂದ್ರ ನೀನು, ನಾನು, ಹೆಡ್ ಕ್ಲಾರ್ಕ್ ಶಾಂತಯ್ಯ, ಎಲ್ಲಾರೂ ಮನಿಗೆ."

ಯಮನಪ್ಪ ಹುಡುಕತೊಡಗಿದ. ಕಾಲೇಜಿನ ಗಣಿತದ ಪ್ರಾಧ್ಯಾಪಕರೊಬ್ಬರು ಹೆಸರು ಕೇಳಿದ್ದೇನೆ, ಕಣ್ಣಿಂದ ಕಂಡಿಲ್ಲ ಎಂದರು. ಇನ್ನೊಬ್ಬರು ಪುಸ್ತಕ ತರಿಸಿಕೊಟ್ಟರೆ ಆರು ತಿಂಗಳಲ್ಲಿ ಕಲಿತು ಬರೆದುಕೊಡುವುದಾಗಿ ಹೇಳಿದರು. ಟೈಪಿಂಗ್ ಕಲಿಸುವವನೊಬ್ಬ ತನಗೆ ಆ ಭಾಷೆ ಚೆನ್ನಾಗಿ ಬರುತ್ತದೆಂದ; ಎರಡು ಪ್ರಶ್ನೆ ಕೇಳುವಷ್ಟರಲ್ಲಿ ಅವನು ಶಾರ್ಟ್‌ಹ್ಯಾಂಡಿನ ಮಾತಾಡುತ್ತಿದ್ದಾನೆಂದು ಯಮನಪ್ಪನಿಗೂ ತಿಳಿಯಿತು. ರೇಡಿಯೋ ರಿಪೇರಿಯವನು ಯಂತ್ರವನ್ನೇ ಇಲ್ಲಿಗೆ ತಂದರೆ ನೋಡೋಣ ಎಂದ. ಎಲ್ಲರೂ ಏನೋ ಒಂದು ಹೇಳಿದರು, ಹೇಳಿದ್ದರಲ್ಲಿ ಖರೆ ಯಾವುದು, ಸುಳ್ಳು ಯಾವುದು ಎಂದು ತೂಗಿ ನೋಡಲು ಅವನ ಹತ್ತಿರ ತಕ್ಕಡಿಯೇ ಇರಲಿಲ್ಲ. ಕಡೆಗೆ ಗ್ರಂಥಾಲಯದಲ್ಲಿ ಪುಸ್ತಕ ಎತ್ತಿಕೊಡುವ ಮಕ್ತುಮಸಾಬ ಚೀಟಿಯನ್ನು ನೋಡಿ, "ಈ ಹೆಸರಿಂದು ಒಂದ ಬುಕ್ಕು ನಮ್ಮಲ್ಲಿ ಐತ್ರಿ. ಅದನ್ನ ಒಯ್ಯಾಕ ಹುಬ್ಬಳ್ಳಿಯಿಂದ ಕಮರುದ್ದೀನ ಮಿಸ್ತ್ರಿ ಬರ್ತಾರ. ಬ್ಯಾರೆ ಯಾರೂ ಮುಟ್ಟಿಲ್ಲ," ಎಂದ.

ಕಮರುದ್ದೀನನ ವರ್ಕಶಾಪು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ, ತಗಡಿನ ಮಾಡಿನ ಕೆಳಗೆ. ಯಮನಪ್ಪ ಹೋದಾಗ ಅವನು ನೀರೆತ್ತುವ ಇಂಜಿನ್ನಿನ ಹೊಟ್ಟೆಯೊಳಗೆ ಮೊಳಕೈತನಕ ಕೈ ಹಾಕಿ ಕುಳಿತಿದ್ದ.

"ನಿಮಗ ಫೋರ್ಟ್ರಾನ್ ಬರತೈತಂತಲ್ರಿ?" ಎಂದು ಯಮನಪ್ಪ ಕೇಳಿದ.

"ಯಾವ ಕಂಪನೀದು?" ಎಂದ ಕಮರುದ್ದೀನ ತಲೆ ಎತ್ತದೆ.

ಯಮನಪ್ಪ ಚೀಟಿ ತೋರಿಸಿದ. ಕಮರುದ್ದೀನ ಎಣ್ಣೆಯ ಕೈಯನ್ನು ದೂರ ಹಿಡಿದು ಓದಿ, ಜೋರಾಗಿ ನಕ್ಕ. "ಅರೇ, ನಾ ಬರೇ ಪುಸ್ತಕ ಹೊರಾಂವ್ರಿ! ಇದು ನನ್ನ ಮಗಳ ಕೆಲಸ. ಮೈಮುನಾ! ಧಾರವಾಡದಿಂದ ಗಿರಾಕಿ ಬಂದಾರ ನೋಡ್ ಬೇಟಿ. ಇಂಜಿನ್ ಅಲ್ಲ, ನಿಂದು."

ವರ್ಕಶಾಪಿನ ಹಿಂದಿನ ಕೋಣೆಯಿಂದ ಬಂದವಳಿಗೆ ಇಪ್ಪತ್ತೇಳರ ವಯಸ್ಸು. ತಲೆಯ ಮೇಲೆ ಸೆರಗು, ಬೆರಳಿಗೆ ಪೆನ್ಸಿಲಿನ ಕರಿ. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿ, ಮುಂಬೈಯಲ್ಲಿ ಎರಡು ವರ್ಷ ಆ ಯಂತ್ರಕ್ಕೆ ಬರೆಯುವ ಕೆಲಸ ಮಾಡಿದ್ದಳು. ತಾಯಿ ತೀರಿಕೊಂಡಮೇಲೆ ತಂದೆ ಒಂಟಿಯಾದನೆಂದು ಊರಿಗೆ ಬಂದಳು, ಆದರೆ ಕೆಲಸ ಬಿಡಲಿಲ್ಲ. ಮುಂಬೈಯ ಒಂದು ಗಿರಣಿಯವರು, ಪುಣೆಯ ಒಬ್ಬ ಪ್ರಾಧ್ಯಾಪಕರು ಬೇಕಾದದ್ದನ್ನು ಟಪಾಲಿನಲ್ಲಿ ಕೇಳುವರು, ಇವಳು ಬರೆದು ಟಪಾಲಿನಲ್ಲಿಯೇ ಕಳಿಸುವಳು. ಯಾರ ಕಚೇರಿಗೂ ಸೇರಿದವಳಲ್ಲ.

"ಕುಂದರ್ರಿ," ಎಂದಳು. "ನಿಮ್ಮ ಸರ್ವೇ ಫಾರ್ಮ್ ಒಂದು ಖಾಲಿ ಇದ್ದರ ತಂದೀರೇನು?"

ಯಮನಪ್ಪ ತಂದಿದ್ದ. ಅವಳು ಅದನ್ನು ಬಹಳ ಹೊತ್ತು ಓದಿದಳು. ತಾನು ಪ್ರಶ್ನೆ ಕೇಳಿ ಇವಳ ಜ್ಞಾನ ಅಳೆಯಬೇಕೆಂದು ಯಮನಪ್ಪ ಬಸ್ಸಿನಲ್ಲಿ ಬರುವಾಗ ಅಂದುಕೊಂಡಿದ್ದ. ಏನು ಕೇಳಬೇಕೆಂದು ಮಾತ್ರ ಹೊಳೆದಿರಲಿಲ್ಲ. ಅಷ್ಟರಲ್ಲಿ ಅವಳೇ ಕೇಳಿದಳು.

"ಫಾರ್ಮಿನ ಈ ಒಂಬತ್ತನೇ ಮನಿ, ಈ ಚೌಕ ನೋಡ್ರಿ, ತೀರಿಹೋದ ಮಕ್ಕಳೆಷ್ಟು ಅಂತ ಅದ. ಒಂದೂ ಹೋಗಿಲ್ಲಂದ್ರ ಏನ ಬರದೀರಿ?"

"ಸೊನ್ನಿ ಬರದೇವ್ರಿ ಅಕ್ಕಾರ."

"ಹೇಳೂದಿಲ್ಲ ಅಂದವರು ಇದ್ದರೇನು?"

"ಇದ್ದರ್ರಿ. ಕೇಳಿದ ಕೂಡ್ಲೆ ಕೆಲವರು ಎದ್ದು ಒಳಗ ಹೋಗಿಬಿಡ್ತಿದ್ದರು. ಮತ್ತ ಕರಿಯಾಕ ನನಗ ಬಾಯಿ ಬರ್ತಿರಲಿಲ್ಲ. ಅವರದು ಖಾಲಿ ಬಿಟ್ಟೇನಿ."

"ಹಂಗಾರ ಇಲ್ಲೇ ಒಂದು ತೊಡಕು ಅದ. ಖಾಲಿ ಬಿಟ್ಟದ್ದನ್ನ ಯಂತ್ರ ಸೊನ್ನಿ ಅಂತನ ಓದತದ. ಬಾಯಿ ಬಿಡಲಾರದಾಕೀನೂ ಒಂದೂ ಕಳಕೊಳ್ಳಲಾರದಾಕೀನೂ ಅದಕ್ಕ ಒಂದ. ಬ್ಯಾರೆ ಮಾಡಿ ಓದು ಅಂತ ನಾವ ಅದಕ್ಕ ಹೇಳಬೇಕಾಗ್ತದ. ಹೇಳಾಕ ದಾರಿ ಅದ, ಆದ್ರ ಬರವಣಗಿ ಜಾಸ್ತಿ ಆಗ್ತದ."

ಯಮನಪ್ಪನಿಗೆ ಯಂತ್ರದ ವಿಷಯ ಒಂದಿಷ್ಟೂ ಅರ್ಥವಾಗಲಿಲ್ಲ. ಆದರೆ ಮೂರು ವರ್ಷದಲ್ಲಿ ಫಾರ್ಮಿನ ಆ ಖಾಲಿ ಮನೆಗಳ ಬಗ್ಗೆ ಅವನನ್ನು ಕೇಳಿದವರು ಇವಳೊಬ್ಬಳೇ. ಇನ್ನು ಬೇರೆಯವರನ್ನು ಹುಡುಕುವುದು ಬೇಡವೆಂದು ಅವನಿಗೆ ಅನ್ನಿಸಿತು. ಯಾಕೆ ಹಾಗನ್ನಿಸಿತೆಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಹೆಡ್ ಕ್ಲಾರ್ಕ್ ಶಾಂತಯ್ಯ ಮರುದಿನ ಅದನ್ನೇ ಕೇಳಿದರು. ಶಾಂತಯ್ಯನವರು ಹಣೆಗೆ ವಿಭೂತಿ ಬಳಿದು, ಫೈಲಿನ ಲಾಡಿ ಬಿಗಿದು ಕುಳಿತರೆ ಸಾಹೇಬರೂ ಒಂದು ಗಳಿಗೆ ಹಿಂದೆಮುಂದೆ ನೋಡುವರು.

"ಆಕಿಗೆ ಆ ಭಾಷಾ ಬರತೈತಂತ ನಿನಗ ಹೆಂಗ ಗೊತ್ತಾತು?"

"ಗೊತ್ತಾಗಲಿಲ್ರಿ."

"ಸಾಹೇಬರಿಗೆ ಬರತೈತೇನು?"

"ಇಲ್ರಿ."

"ನನಗ ಬರೂದಿಲ್ಲ, ನಿನಗ ಬರೂದಿಲ್ಲ. ಮತ್ತ ಪರೀಕ್ಷಾ ತಗೊಳ್ಳೋರು ಯಾರು? ನಾಳಿ ಏನೋ ನಾಕು ಗೀಟು ಕೊರದು ಇದ ನೋಡ್ರಿ ಅಂದ್ರ ಹೂಂ ಅನ್ನೂದನ? ಮ್ಯಾಲೆ ಆಕಿ ನೌಕರದಾಕಿನೂ ಅಲ್ಲ. ಖರ್ಚಿನ ಯಾವ ಹೆಡ್ಡಿನಾಗ ತೋರಸ್ಲಿ? ಸುಣ್ಣಾ ಬಳಿಯೋರದು ಐತಿ, ಮರಗೆಲಸದವರದು ಐತಿ, ಯಂತ್ರದ ಕೂಡ ಮಾತಾಡೋರದು ಇಲ್ಲ."

"ಆಕಿ ಕೇಳಿದ ಪ್ರಶ್ನಿ ಸರಿ ಇತ್ರಿ," ಎಂದ ಯಮನಪ್ಪ. ಖಾಲಿ ಮನೆಯ ಸಂಗತಿ ಹೇಳಿದ. ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಸಾಹೇಬರು, "ಅದು ನನ್ನ ತಲಿಗೂ ಹೊಳದಿರಲಿಲ್ಲ," ಎಂದರು. ಶಾಂತಯ್ಯ ಮುಖ ಗಂಟು ಹಾಕಿಕೊಂಡು, 'ಇತರೆ' ಎಂಬ ಹೆಡ್ಡಿನಲ್ಲಿ ಮೈಮುನಾಳ ಹೆಸರು ಬರೆದರು. ಅಡಿಯಲ್ಲಿ, ಗುಮಾಸ್ತ ಯಮನಪ್ಪನ ಶಿಫಾರಸಿನ ಮೇರೆಗೆ ಎಂದು ಸೇರಿಸಿದರು. "ಇರಲಿ, ನಾಳಿ ಬೇಕಾಗತೈತಿ," ಎಂದರು.

ಫೆಬ್ರುವರಿಯ ಕಡೆಯ ವಾರ ಬರವಣಿಗೆ ಮುಗಿಯಿತು. ಯಮನಪ್ಪ ತರಲು ಹೋದಾಗ ಮೈಮುನಾ ಹತ್ತು ಹಾಳೆಗಳನ್ನು ಮುಂದಿಟ್ಟಳು. ಸಾಲಿಗೆ ಎಂಬತ್ತು ಸಣ್ಣ ಮನೆಗಳು, ಮನೆಗೊಂದು ಅಕ್ಷರ. ಎಲ್ಲವೂ ಪೆನ್ಸಿಲಿನದು, ಅಳಿಸಿ ಅಳಿಸಿ ತಿದ್ದಿದ್ದು. ಅರ್ಧಕ್ಕರ್ಧ ಸಾಲುಗಳು ಏಳನೆಯ ಮನೆಯಿಂದ ಶುರುವಾಗಿದ್ದವು. ಎಡಗಡೆಗೆ ಯಾಕೆ ಅಷ್ಟು ಜಾಗ ಬಿಟ್ಟಿದ್ದಾಳೆಂದು ತಿಳಿಯದೆ ಯಮನಪ್ಪ ಹಾಳೆಯನ್ನು ಅತ್ತಿತ್ತ ತಿರುಗಿಸಿದ.

"ಮುಂಬೈದವರು ಶಾಯಿಲೆ ಬರದದ್ದು ಕೇಳ್ತಾರ. ಅಲ್ಲಿ ಹುಡುಗ್ಯಾರು ಇದನ್ನ ನೋಡಿಕೊಂತ ಒಂದೊಂದು ಸಾಲಿಗೆ ಒಂದೊಂದು ಕಾರ್ಡು ಹೊಡೀತಾರ. ಹಾಳ್ಯಾಗ ಏನಿರತದೋ ಅದನ್ನ. ತಿಳಕೊಂಡು ಹೊಡೆಯೋರಲ್ಲ. ನನ್ನ ಅಕ್ಷರ ನೋಡೀರಲಾ, ಕಾಗಿ ಕಾಲು. ಒಂದೆರಡು ದಿನಾ ಕೊಡ್ರಿ, ಕಾಪಿ ಮಾಡ್ತೇನಿ."

"ನಾ ಮಾಡ್ತೇನ್ರಿ ಅಕ್ಕಾರ," ಎಂದ ಯಮನಪ್ಪ. ಕೊನೆಗೂ ತನಗೆ ಬರುವ ಒಂದು ಕೆಲಸ ಸಿಕ್ಕಿತಲ್ಲ ಎಂದು ಅವನಿಗೆ ಹಿಗ್ಗು.

"ಮಾಡ್ರಿ. ಆದ್ರ ನಾ ಬರದದ್ದು ಒಂದ ಅಕ್ಷರಾನೂ ಬಿಡಬ್ಯಾಡ್ರಿ, ಒಂದೂ ತಿದ್ದಬ್ಯಾಡ್ರಿ. ಒಂದು ಮನೀದು ಇನ್ನೊಂದು ಮನಿಗೆ ಸರದಾಡಬಾರದು."

ಎರಡು ದಿನ ಯಮನಪ್ಪ ಕಿಟಕಿಯ ಪಕ್ಕದ ಮೇಜನ್ನು ಬಿಟ್ಟೇಳಲಿಲ್ಲ. ಕೈ ತೊಳೆದುಕೊಂಡು, ನಿಬ್ಬು ಒರೆಸಿ, ವಾಡಿಕೆಯಂತೆ ಮೊದಲ ಸಾಲಿನಲ್ಲಿ ಶ್ರೀಕಾರ ಹಾಕಿ ಬರೆಯತೊಡಗಿದ. ಒಂದು ಅಕ್ಷರ ಬಿಡಲಿಲ್ಲ, ಒಂದು ತಿದ್ದಲಿಲ್ಲ. ಅರ್ಥವಾಗದ್ದನ್ನು ಇಷ್ಟು ಶ್ರದ್ಧೆಯಿಂದ ಅವನು ಹಿಂದೆಂದೂ ಬರೆದಿರಲಿಲ್ಲ. ಕಾಪಿ ಮುಗಿದಾಗ ಹನ್ನೊಂದು ಹಾಳೆಯಾಗಿತ್ತು. ಸಾಹೇಬರು ಹಾಳೆಗಳನ್ನು ನೋಡಿ, "ಅಚ್ಚು ಹಾಕಿಸಿದಂಗ ಆಗ್ಯದಲ್ಲೋ!" ಎಂದರು. ಟಪಾಲಿನ ಹೊತ್ತು ಮೀರುತ್ತಿತ್ತು. ಮೈಮುನಾಳಿಗೆ ಮತ್ತೊಮ್ಮೆ ತೋರಿಸಲು ಬಿಡುವಿರಲಿಲ್ಲ. ಅಂದೇ ಮುಂಬೈಗೆ ಕಳಿಸಿದರು.

ಮಾರ್ಚ್ ಹನ್ನೊಂದಕ್ಕೆ ಲಕೋಟೆ ಬಂತು. ಸಾವಂತ್ರೆವ್ವ ಆಗಲೇ ದೊಡ್ಡ ಪಾತ್ರೆಗಳನ್ನು ಇಳಿಸಿದ್ದಳು. ಸಾಹೇಬರು ಲಕೋಟೆ ಒಡೆದರು. ಒಳಗೆ ಅಗಲವಾದ ಕಾಗದ, ಮಡಿಕೆ ಮಡಿಕೆಯಾಗಿ. ಕೋಷ್ಟಕ ಇರಲಿಲ್ಲ. ಮೈಮುನಾ ಬರೆದದ್ದೇ ಸಾಲುಸಾಲಾಗಿ ಅಚ್ಚಾಗಿತ್ತು. ನಡುನಡುವೆ ತಪ್ಪು, ತಪ್ಪು ಎಂದು ಯಂತ್ರ ಗುರುತು ಹಾಕಿತ್ತು. ಶಾಂತಯ್ಯ ಬೆರಳಿಟ್ಟು ಎಣಿಸಿದರು.

"ಹನ್ನೊಂದು! ಒಂದಲ್ಲ, ಎರಡಲ್ಲ. ನಾ ಮೊದಲ ಹೇಳಿದ್ದೆ. ಪುಣೇದಾಗ ನನ್ನ ಷಡ್ಕನ ಗೆಳೆಯಾ ಒಬ್ಬಾಂವ ಇದ್ದಾನ, ಅವಗ ಬರತೈತಂತ. ಈ ಹುಡುಗಿ ಕೆಲಸಾ ಸಾಕ್ರಿ ಸಾಹೇಬರ. ಒಂದು ಕಾಗದಾ ಬರದು ಕೈ ತೊಳಕೊಳ್ಳೂಣು."

ಸಾಹೇಬರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಮೊದಲ ಆಕಿ ಏನಂತಾಳ ನೋಡೂಣು. ಯಮನಪ್ಪಾ, ಇದನ್ನ ತಗೊಂಡು ಈಗ ಹೋಗು."

ಹುಬ್ಬಳ್ಳಿಯ ತನಕ ಯಮನಪ್ಪ ಆ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಮೈಮುನಾಳಿಗೆ ನಿಜವಾಗಿಯೂ ಬರುವುದಿಲ್ಲವೇ? ಅವಳು ಕೇಳಿದ ಪ್ರಶ್ನೆ ಅಷ್ಟು ಸರಿಯಿತ್ತಲ್ಲ? ಅಥವಾ ಸರಿಯೆಂದು ತನಗೆ ಅನ್ನಿಸಿದ್ದೇ ತಪ್ಪೇ? ಖಾಯಂ ಎಂಬುದು ಈ ಹನ್ನೊಂದು ಗುರುತುಗಳ ಆಚೆಗೆ ಎಲ್ಲೋ ನಿಂತಂತೆ ಅವನಿಗೆ ಕಂಡಿತು.

ಮೈಮುನಾ ಕಾಗದವನ್ನು ವರ್ಕಶಾಪಿನ ನೆಲದ ಮೇಲೆ ಉದ್ದಕ್ಕೆ ಬಿಡಿಸಿದಳು. ಮೊದಲ ತಪ್ಪು ನೋಡಿದಳು. ಎರಡನೆಯದನ್ನು ನೋಡಿದಳು. ಮಂಡಿಯೂರಿ ಕಡೆಯ ತನಕ ಹೋದಳು. ಅವಳ ಮುಖದಲ್ಲಿ ಗಾಬರಿಯಿರಲಿಲ್ಲ, ದಿಕ್ಕು ತಪ್ಪಿದಂಥ ಒಂದು ನೋಟವಿತ್ತು.

"ಎಲ್ಲಾ ಒಂದ ತಪ್ಪು. ಇಪ್ಪತ್ನಾಕು ಸಾಲಿಗೆ ಒಂದೊಂದ್ಸಲ ಬಂದದ. ಎಸ್, ಎಚ್, ಆರ್, ಐ. ಇದೇನಿದು? ನಾ ಇದನ್ನ ಬರದಿಲ್ಲ."

ಯಮನಪ್ಪ ಬಾಗಿ ನೋಡಿದ. ಮೊದಲು ಅವನಿಗೂ ತಿಳಿಯಲಿಲ್ಲ. ಆಮೇಲೆ ಕೂಡಿಸಿ ಓದಿದ.

"ಅದು... ಶ್ರೀಕಾರ್ರಿ ಅಕ್ಕಾರ."

"ಏನು?"

"ಶ್ರೀ. ನಾ ಬರದದ್ದು. ಹೊಸಾ ಹಾಳಿ ಹಿಡಿದಾಗೆಲ್ಲಾ ಮೊದಲ ಬರಿತೇನಿ. ಹತ್ತಿ ದಲಾಲಿ ಅಂಗಡ್ಯಾಗ ಬರ್ಯಾಕ ಕಲತಾಂವ್ರಿ ನಾನು. ಅಲ್ಲಿ ಶ್ರೀ ಇಲ್ಲದ ಹಾಳಿಯೊಳಗ ಬರಿಯೂದ ಇಲ್ಲ. ಮುಂಬೈ ಹುಡುಗ್ಯಾರಿಗೆ ಕನ್ನಡಾ ಬರೂದಿಲ್ಲಂತ ಇಂಗ್ಲಿಷಿನ್ಯಾಗ ಬರದೆ. ಮ್ಯಾಲೆ ಬ್ಯಾರೆ ಜಾಗಾ ಇರಲಿಲ್ಲ, ಅದಕ್ಕ ಮೊದಲನೇ ಸಾಲಿನ್ಯಾಗ... ನಿಮ್ಮದು ಒಂದ ಅಕ್ಷರಾನೂ ತಿದ್ದಿಲ್ರಿ, ದೇವರಾಣಿ."

ಕಮರುದ್ದೀನ ಸ್ಪ್ಯಾನರು ಕೆಳಗಿಟ್ಟು ನಗತೊಡಗಿದ. ಮೈಮುನಾ ಮಾತ್ರ ನಗಲಿಲ್ಲ. "ಹಾಳಿಗೊಂದು ಶ್ರೀ. ಅದಕ್ಕ ನಂದು ಹತ್ತು ಹಾಳಿ ಹೋಗಿ ನಿಮ್ಮದು ಹನ್ನೊಂದು ಆಗ್ಯದ," ಎಂದಳು ತನ್ನಷ್ಟಕ್ಕೆ. "ಎಡಗಡಿ ಮೊದಲನೇ ಐದು ಮನ್ಯಾಗ ಬರೇ ಸಾಲಿನ ನಂಬರ ಇರಬೇಕ್ರಿ, ಅಂಕಿ ಅಷ್ಟ. ಅಲ್ಲಿ ಅಕ್ಷರಾ ಕಂಡ ಕೂಡ್ಲೆ ಯಂತ್ರ ತಪ್ಪು ಅಂತದ. ಪೂರಾ ಕೆಲಸಾನ ಕೈ ಬಿಡ್ತದ."

"ಬೇಟಿ, ನಾನೂ ಬಿಲ್ಲಿನ ಮ್ಯಾಲೆ ಬಿಸ್ಮಿಲ್ಲಾದ ಏಳನೂರಾ ಎಂಬತ್ತಾರು ಹಾಕತೇನಲಾ," ಎಂದ ಕಮರುದ್ದೀನ. "ನಾ ಕಾಪಿ ಮಾಡಿದ್ದರ?"

"ನೀವು ಮಾಡಿದ್ದರ ಇನ್ನೂ ತ್ರಾಸಾಗತಿತ್ತು ಅಬ್ಬಾ. ಅಂಕಿ ಅಂದ್ರ ಅದನ್ನ ಸಾಲಿನ ನಂಬರ ಅಂತ ತಿಳಕೊಂಡು ಬಿಡತಿತ್ತು."

ಈಗ ಅವಳಿಗೂ ನಗು ಬಂತು. ಯಮನಪ್ಪನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಹಂಗಾರ ಶ್ರೀ ಬರೀಬಾರದೇನ್ರಿ?" ಎಂದು ಕೇಳಿದ. ಅವನ ದನಿಯಲ್ಲಿ ಜಗಳವಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು.

"ಬರೀರಿ, ಯಾರು ಬ್ಯಾಡಂದರು? ಮೊದಲನೇ ಮನ್ಯಾಗ ಸಿ ಅಂತ ಒಂದ ಅಕ್ಷರಾ ಹಾಕ್ರಿ. ಅದರ ಮುಂದ ಏನ ಬೇಕಾದ್ದು ಬರೀರಿ. ಸಿ ಕಂಡರ ಅದು ಮನಷ್ಯಾರು ಮನಷ್ಯಾರಿಗೆ ಬರಕೊಂಡ ಮಾತು, ನನಗಲ್ಲ ಅಂತ ಯಂತ್ರ ಆ ಸಾಲು ಬಿಟ್ಟು ಮುಂದ ಹೋಗತದ. ಹಾಳಿಗೊಂದು ಬ್ಯಾಡ, ಎಲ್ಲಾಕ್ಕೂ ಸೇರಿ ಮ್ಯಾಲೆ ಒಂದ ಸಾಕು."

ಯಂತ್ರ ಓದದಿದ್ದರೂ ಕಾಗದದ ಮೇಲೆ ಉಳಿಯುತ್ತದೆಯೇ ಎಂದು ಅವನು ಕೇಳಿದ. ಉಳಿಯುತ್ತದೆ, ಅಚ್ಚೂ ಆಗುತ್ತದೆ ಎಂದಳು ಅವಳು. ಇದು ಯಮನಪ್ಪನಿಗೆ ಸಮಾಧಾನ ಕೊಟ್ಟಿತು, ಆದರೆ ಗೊಂದಲವನ್ನು ಕಳೆಯಲಿಲ್ಲ. ಬಸ್ ಸ್ಟ್ಯಾಂಡಿನ ತನಕ ನಡೆಯುತ್ತ, ಕಚೇರಿಯಲ್ಲಿ ಏನು ಹೇಳಬೇಕೆಂದು ಯೋಚಿಸಿದ. ತಪ್ಪು ಸಿಕ್ಕಿತು, ತಿದ್ದಿದ್ದಾರೆ ಎಂದರೆ ಸಾಲದೇ? ಯಾರ ತಪ್ಪೆಂದು ಕೇಳಿದರೆ? ಕೇಳಿದಾಗ ನೋಡಿಕೊಳ್ಳೋಣ ಎಂದುಕೊಂಡ. ಮರುಗಳಿಗೆಗೆ, ಕೇಳದಿದ್ದರೆ ತಪ್ಪು ಮೈಮುನಾಳ ಮೇಲೆಯೇ ಉಳಿಯುತ್ತದಲ್ಲ ಎಂಬುದು ಅದಕ್ಕಿಂತ ದೊಡ್ಡ ತೊಡಕಾಗಿ ಕಾಣಿಸಿತು.

ಮರುದಿನ ಬೆಳಿಗ್ಗೆ ನಳಕ್ಕೆ ಕೊಡ ಹಚ್ಚಿ ನಿಂತ ಸಾವಂತ್ರೆವ್ವನಿಗೆ ಎಲ್ಲ ಹೇಳಿದ.

"ದೇವರ ಹೆಸರು ಬರದದ್ದು ತಪ್ಪೇನು?" ಎಂದಳು ಅವಳು.

"ತಪ್ಪಲ್ಲ. ಯಂತ್ರಕ್ಕ ತಿಳಿಲಿಲ್ಲ."

"ತಿಳಿಲಾರದ್ದು ಯಂತ್ರದ ತಪ್ಪಲ್ಲೇನು?"

"ಹಂಗೂ ಅನ್ನಾಕ ಬರೂದಿಲ್ಲ. ಅದಕ್ಕ ಹೇಳೇ ಇಲ್ಲಲಾ."

"ಮತ್ತ ತಪ್ಪು ಯಾರದು ಹೇಳು?"

"ಅದ ನನಗ ತಿಳಿವಲ್ದು."

ಸಾವಂತ್ರೆವ್ವ ತುಂಬಿದ ಕೊಡವನ್ನು ಸೊಂಟಕ್ಕೇರಿಸಿಕೊಂಡಳು. "ಆ ಹುಡುಗೀದಂತೂ ಅಲ್ಲ. ಅಷ್ಟು ತಿಳಿತಲಾ?" ಎಂದು ಒಳಗೆ ನಡೆದಳು.

ಕಚೇರಿಗೆ ಹೋದಾಗ ಅವನ ಮೇಜಿನ ಮೇಲೆ ಶಾಂತಯ್ಯನವರ ಕರಡು ಕಾದಿತ್ತು. ರಾತ್ರಿ ಬೆಂಗಳೂರಿನಿಂದ ಕೋಷ್ಟಕ ಕೇಳಿ ತಂತಿ ಬಂದು ಸಾಹೇಬರು ಹೆದರಿದ್ದರು, ಶಾಂತಯ್ಯ ಅವರನ್ನು ಒಪ್ಪಿಸಿಬಿಟ್ಟಿದ್ದರು. ಕರಡಿನಲ್ಲಿ, ಮೈಮುನಾಳ ಕೆಲಸ ತೃಪ್ತಿಕರವಾಗಿಲ್ಲದ ಕಾರಣ ಈ ದಿನದಿಂದ ನಿಲ್ಲಿಸಲಾಗಿದೆ. ಮುಂದೆ ಯಾವ ಸರಕಾರಿ ಕಚೇರಿಯೂ ಇವರಿಗೆ ಇಂಥ ಕೆಲಸ ಕೊಡುವ ಮೊದಲು ವಿಚಾರಿಸತಕ್ಕದ್ದು ಎಂದಿತ್ತು.

"ಛಲೋ ಅಕ್ಷರಲೆ ಒಂದು ಕಾಪಿ ತಗಿ," ಎಂದರು ಶಾಂತಯ್ಯ. "ಹೆದರಬ್ಯಾಡ. ಶಿಫಾರಸು ನಿಂದ ಆದ್ರೂ ಮೋಸಹೋದಿ ಅಂತ ನಾ ಸಾಹೇಬರಿಗೆ ಹೇಳೇನಿ. ನಿನ್ನ ಖಾಯಂಗೆ ಏನೂ ಆಗೂದಿಲ್ಲ."

ಯಮನಪ್ಪ ಕುಳಿತ. ಬರೆಯತೊಡಗಿದ. 'ತೃಪ್ತಿಕರ' ಎಂಬ ಶಬ್ದದ ತನಕ ಬರೆದ. ಮುಂದೆ ಕೈ ಹೋಗಲಿಲ್ಲ. ಬಗ್ಗಿ ನೋಡಿದ, ಮತ್ತೆ ನಿಬ್ಬು ಅದ್ದಿದ, ವ ಅಕ್ಷರವನ್ನು ಅರ್ಧದಷ್ಟು ಎಳೆದ. ಆಮೇಲೆ ಪೆನ್ನು ಕೆಳಗಿಟ್ಟು ಕಾಗದ ಹಿಡಿದು ನೇರ ಸಾಹೇಬರ ಕೋಣೆಗೆ ಹೋದ. ಏನು ಹೇಳಬೇಕೆಂದು ಜೋಡಿಸಿಕೊಂಡಿರಲಿಲ್ಲ.

"ಸಾಹೇಬರ, ಇದನ್ನ ನನ್ನ ಕೈಲೆ ಬರ್ಯಾಕ ಆಗೂದಿಲ್ರಿ. ಆ ಹನ್ನೊಂದೂ ನನ್ನವು."

ಅವನು ಹೇಳಿದ್ದರಲ್ಲಿ ಹಿಂದಿನದು ಮುಂದಾಯಿತು, ಮುಂದಿನದು ಹಿಂದಾಯಿತು. ಹತ್ತಿ ಅಂಗಡಿ, ಮುಂಬೈಯ ಹುಡುಗಿಯರು, ಐದು ಮನೆ, ಸಿ ಅಕ್ಷರ, ಎಲ್ಲ ಕಲಸಿಹೋದವು. ಎರಡು ಸಲ ಹೇಳಿಸಿಕೊಂಡ ಮೇಲೆ ಸಾಹೇಬರಿಗೆ ತಿಳಿಯಿತು. ಬಾಗಿಲಿಗೆ ಬಂದು ನಿಂತಿದ್ದ ಶಾಂತಯ್ಯನವರಿಗೂ ತಿಳಿಯಿತು.

"ಶ್ರೀ ಬರದಿ?" ಎಂದರು ಶಾಂತಯ್ಯ. ಬೈಯಲು ಬಾಯಿ ತೆರೆದವರು ತಮ್ಮ ಮೇಜಿನ ಕಡೆಗೊಮ್ಮೆ ನೋಡಿದರು. ಅಲ್ಲಿದ್ದ ಪ್ರತಿ ಫೈಲಿನ ತಲೆಯ ಮೇಲೂ ಅವರದೇ ಕೈಬರಹದ ಶ್ರೀಕಾರವಿತ್ತು.

ಸಾಹೇಬರು ಅವನ ಕೈಯಲ್ಲಿದ್ದ ಕಾಗದವನ್ನು ತೆಗೆದುಕೊಂಡು ಮಡಚಿ ಬದಿಗಿಟ್ಟರು. "ಇದು ಫೈಲಿಗೆ ಹೋಗಬೇಕಾಗ್ತದ ಯಮನಪ್ಪಾ. ಹದಿನಾಲ್ಕು ದಿನಾ ಹಾಳಾಗ್ಯಾವ. ಯಾಕಂತ ಬೆಂಗಳೂರಿನವರು ಕೇಳೇ ಕೇಳ್ತಾರ. ಆಕಿ ತಪ್ಪು ಅಂತ ಬರಿಯಾಕ ಬರೂದಿಲ್ಲ. ನಿಂದು ಅಂತ ಬರದರ..." ಎಂದು ಅರ್ಧಕ್ಕೇ ನಿಲ್ಲಿಸಿದರು.

"ಬರೀರಿ," ಎಂದ ಯಮನಪ್ಪ. ಹೇಳಿದ ಮೇಲೆ, ತಾನು ಹೇಳಿದ್ದು ಏನೆಂದು ತನಗೆ ಪೂರ್ತಿ ಗೊತ್ತಿದೆಯೇ ಎಂದು ಅವನಿಗೆ ಅನುಮಾನವಾಯಿತು.

ಹೊಸ ಹಾಳೆಗಳನ್ನು ಯಾರು ಬರೆಯಬೇಕೆಂದು ಪ್ರಶ್ನೆ ಬಂತು. ಶಾಂತಯ್ಯ ಟೈಪಿಸ್ಟನ ಹೆಸರು ಹೇಳಿದರು. ಮೈಮುನಾ ಮಾತ್ರ, ಯಮನಪ್ಪನವರೇ ಬರೆಯಲಿ, ಹೇಳಿದಷ್ಟನ್ನೂ ಚಾಚೂ ತಪ್ಪದೆ ಬರೆದಿದ್ದಾರೆ, ಹೇಳದೆ ಬಿಟ್ಟದ್ದು ನಾನು ಎಂದು ಚೀಟಿ ಕಳಿಸಿದಳು. ಅವನು ಹುಬ್ಬಳ್ಳಿಗೇ ಹೋಗಿ, ಅವಳ ಎದುರಿಗೆ ಕುಳಿತು ಹತ್ತು ಹಾಳೆ ಬರೆದ. ಈ ಸಲ ಟಪಾಲನ್ನು ನಂಬದೆ, ಮುಂಬೈಗೆ ಹೊರಟಿದ್ದ ಗಿರಣಿಯವರೊಬ್ಬರ ಕೈಯಲ್ಲಿ ಕಳಿಸಿದರು.

ಮಾರ್ಚ್ ಇಪ್ಪತ್ತೇಳಕ್ಕೆ ಕೋಷ್ಟಕ ಬಂತು. ನಲವತ್ತು ಹಳ್ಳಿ, ಒಂದೊಂದರ ಮುಂದೆ ಅಂಕಿಗಳ ಸಾಲು. ಸಾಹೇಬರು ಅದೇ ದಿನ ಸಂಜೆಯ ಗಾಡಿಗೆ ತಾವೇ ಅದನ್ನು ಹಿಡಿದುಕೊಂಡು ಬೆಂಗಳೂರಿಗೆ ಹೊರಟರು. ಹೋಗುವಾಗ ಯಮನಪ್ಪನ ಭುಜ ಮುಟ್ಟಿದರು. ಅದರ ಅರ್ಥ ಅವನಿಗೆ ಆಗಲಿಲ್ಲ.

ಮೂವತ್ತೊಂದು ಭಾನುವಾರ ಬಂದಿತ್ತು. ಟ್ರಂಕು ತುಂಬಿತ್ತು. ಸೋಮವಾರ ಬೆಳಿಗ್ಗೆ ಆರ್ಡರು ಇಲ್ಲದಿದ್ದರೂ ಯಮನಪ್ಪ ವೇಳೆಗೆ ಸರಿಯಾಗಿ ಕಚೇರಿಗೆ ಹೋದ. ಒಳಗೆ ಹೋಗುವ ಹಕ್ಕು ತನಗಿದೆಯೋ ಇಲ್ಲವೋ ತಿಳಿಯದೆ ಹೊರಗಿನ ಬಾಕಿನ ಮೇಲೆ ಕುಳಿತ. ಹತ್ತು ಹೊಡೆಯಿತು. ಹತ್ತೂವರೆಯಾಯಿತು. ಶಾಂತಯ್ಯ ಹಾಜರಿ ಪುಸ್ತಕವನ್ನು ಬಗಲಲ್ಲಿ ಹಿಡಿದು ಹೊರಗೆ ಬಂದರು.

"ಇಲ್ಲ್ಯಾಕ ಕುಂತಿ?"

"ಆರ್ಡರು ಇಲ್ಲಲ್ರಿ."

"ಸಾಹೇಬರ ತಂತಿ ಬಂದೈತಿ. ಕಚೇರಿ ಉಳೀತು." ಶಾಂತಯ್ಯ ಹಾಜರಿ ಪುಸ್ತಕವನ್ನು ಇನ್ನೊಂದು ಬಗಲಿಗೆ ಬದಲಿಸಿಕೊಂಡರು. "ನಿಂದು ಆರು ತಿಂಗಳು ಮುಂದುವರಸ್ಯಾರ. ಹಂಗಾಮಿ. ಖಾಯಂ ಆಗಿಲ್ಲ. ಫೈಲಿನ್ಯಾಗ ನಿನ್ನ ತಪ್ಪಿನ ಮಾತು ಇಲ್ಲದಿದ್ದರ ಆಗಿರತಿತ್ತು."

ಯಮನಪ್ಪ ಎದ್ದು ನಿಂತ. ಹನ್ನೊಂದು ವರ್ಷ ಬರಲಿ ಎಂದು ಕಾದದ್ದು ಬರಲಿಲ್ಲ. ಹೋಗಿಬಿಡುತ್ತದೆ ಎಂದು ಹೆದರಿದ್ದೂ ಹೋಗಲಿಲ್ಲ. ಸಾವಂತ್ರೆವ್ವನಿಗೆ ಪಾತ್ರೆ ಹೊರಗೆ ತೆಗೆ ಎಂದು ಹೇಳಬೇಕೋ, ಇರಲಿ ಬಿಡು ಎನ್ನಬೇಕೋ ಅವನಿಗೆ ಹೊಳೆಯಲಿಲ್ಲ.

"ಇದು ಛಲೋ ಆತೋ, ಕೆಟ್ಟಾತೋ, ನೀವ ಹೇಳ್ರಿ," ಎಂದ.

"ನನಗೇನ ಕೇಳ್ತಿ? ಆರು ತಿಂಗಳ ಆದಮ್ಯಾಲೆ ಕೇಳು." ಶಾಂತಯ್ಯ ಹಾಜರಿ ಪುಸ್ತಕವನ್ನು ಬಾಕಿನ ಮೇಲೆಯೇ ತೆರೆದಿಟ್ಟು, ತಮ್ಮ ಪೆನ್ನಿನ ಟೊಪ್ಪಿಗೆ ತೆಗೆದು ಅವನ ಕೈಗೆ ಕೊಟ್ಟರು. "ಈಗ ಲಗೂನ ಸಹಿ ಮಾಡು. ಹನ್ನೊಂದ ಹೊಡದ ಮ್ಯಾಲೆ ಮಾಡಿದರ ಅರ್ಧಾ ದಿನಾ ರಜಾ ಹಾಕಬೇಕಾಗತೈತಿ."